ನಲವತ್ತನೆಯ ದಿನದ ಮರುದಿನ

ರಾಯಚೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಬೆಳಿಗ್ಗೆ ನಡೆಯಲು ಬರುವ ಹೆಂಗಸರಲ್ಲಿ ಬಹುಪಾಲು ಮಂದಿಯನ್ನು ಅಲ್ಲಿಗೆ ಕಳುಹಿಸಿದ್ದು ವೈದ್ಯರ ಚೀಟಿ. ಸಕ್ಕರೆ ಕಾಣಿಸಿಕೊಂಡಿದೆ, ರಕ್ತದೊತ್ತಡ ಏರಿದೆ, ಮೊಣಕಾಲು ಸವೆದಿದೆ, ಹೀಗೆ ಒಂದಲ್ಲ ಒಂದು ಕಾರಣ ಸಿಕ್ಕ ಮೇಲೆಯೇ ಅವರು ಹೊಸ್ತಿಲು ದಾಟಿದ್ದಾರೆ. ಐವತ್ತು ಮೀರಿದ ಹೆಂಗಸು ಸೀರೆಯ ಕೆಳಗೆ ಬೂಟು ಹಾಕಿಕೊಂಡು ಹೊರಟರೆ ಓಣಿಯಲ್ಲಿ ಯಾರೂ ಏನೂ ಅನ್ನುವುದಿಲ್ಲ. ಕಾಯಿಲೆಯೇ ಅವಳಿಗೆ ಪರವಾನಗಿ ಕೊಟ್ಟಿರುತ್ತದೆ. ಮೂವತ್ತು ದಾಟಿದ, ಹೇಳಿಕೊಳ್ಳುವಂತಹ ಕಾಯಿಲೆ ಇಲ್ಲದ, ಮನೆಯಲ್ಲಿ ಮೊಲೆ ಕುಡಿಯುವ ಕೂಸಿರುವ ಹೆಂಗಸು ಹಾಗೆ ಹೊರಟರೆ ಮಾತ್ರ ಉತ್ತರ ಹೇಳುತ್ತ ಹೋಗಬೇಕಾಗುತ್ತದೆ. "ಕೂಸು ಯಾರ ಹತ್ತಿರ ಇದೆ?" ಎನ್ನುವುದು ಮೊದಲ ಪ್ರಶ್ನೆ. "ಯಾಕವ್ವಾ, ತೆಳ್ಳಗಾಗಬೇಕೇನು?" ಎನ್ನುವುದು ಎರಡನೆಯದು.

ತೆಳ್ಳಗಾಗುವ ಆಸೆ ನನಗಿಲ್ಲ ಎಂದರೆ ಸುಳ್ಳಾದೀತು. ಮದುವೆಯ ರವಿಕೆಗಳು ಪೆಟ್ಟಿಗೆಯಲ್ಲಿವೆ. ಬಿಚ್ಚಿಸಿ ಅಗಲ ಮಾಡಿಸೋಣವೆಂದರೆ ಒಳಗೆ ಬಟ್ಟೆ ಉಳಿದಿಲ್ಲ. ಆದರೆ ಎರಡನೆಯ ಹೆರಿಗೆಯಾದ ಮೇಲಿನ ಈ ವರ್ಷದಲ್ಲಿ ನನ್ನ ತಲೆ ತಿಂದ ವಿಷಯ ಬೇರೆ. ನಮ್ಮ ಕಡೆ ಬಾಣಂತಿಯನ್ನು ಮಲಗಿಸುವುದು ಚೆನ್ನಾಗಿ ಗೊತ್ತಿದೆ, ಎದ್ದ ಮೇಲೆ ದುಡಿಸುವುದೂ ಅಷ್ಟೇ ಚೆನ್ನಾಗಿ ಗೊತ್ತಿದೆ. ಇವೆರಡರ ನಡುವೆ ಒಂದು ಕಾಲ ಇರಬೇಕು, ಮೈ ಮತ್ತೆ ಭಾರಕ್ಕೆ ಒಗ್ಗಿಕೊಳ್ಳುವ ಕಾಲ. ಅದಕ್ಕೆ ನಮ್ಮಲ್ಲಿ ಶಾಸ್ತ್ರವಿಲ್ಲ, ಅಡುಗೆಯಿಲ್ಲ, ಹಾಡಿಲ್ಲ, ದಿನಗಳ ಲೆಕ್ಕವೂ ಇಲ್ಲ.

ಮಗ ಹುಟ್ಟಿದ್ದು ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ, ಸಿಸೇರಿಯನ್ ಮಾಡಿ. ಮಗಳು ಆಗಲೇ ಶಾಲೆಗೆ ಹೋಗುತ್ತಿದ್ದುದರಿಂದ ಮೊದಲ ಹೆರಿಗೆಯಲ್ಲಿ ಇದ್ದ ಹಾಗೆ ಐದು ತಿಂಗಳು ತವರಿನಲ್ಲಿ ಇರುವಂತಿರಲಿಲ್ಲ. ನಲವತ್ತು ದಿನ ಸಿಂಧನೂರಿನಲ್ಲಿ ಅವ್ವನ ಹತ್ತಿರ, ಆಮೇಲೆ ರಾಯಚೂರಿನಲ್ಲಿ ಗಂಡನ ಮನೆ ಎಂದು ಎರಡೂ ಕಡೆಯ ಹಿರಿಯರು ಕೂತು ತೀರ್ಮಾನಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ ಎನ್ನುವುದು ಬೇರೆ ಮಾತು.

ಬೇಸಿಗೆಯ ಬಾಣಂತನ ಎಂದರೆ ಏನೆಂದು ಈ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗೆ ನಲವತ್ತು ಡಿಗ್ರಿಯ ಬಿಸಿಲು. ಒಳಗೆ ಕಿಟಕಿ ಮುಚ್ಚಿದ ಕೋಣೆ, ಹೊರಸಿನ ಕೆಳಗೆ ಅಗ್ಗಿಷ್ಟಿಕೆ, ಅದರಲ್ಲಿ ಕುಳ್ಳಿನ ಕೆಂಡ, ಕೆಂಡದ ಮೇಲೆ ಅಜವಾನ, ಸಂಜೆಯಾದರೆ ಲೋಬಾನದ ಹೊಗೆ. ಕಿವಿಗೆ ಅರಳೆ, ತಲೆಗೆ ಸ್ಕಾರ್ಫು, ಕಾಲಿಗೆ ಕಾಲುಚೀಲ. ಎರೆಯಲು ಬರುತ್ತಿದ್ದ ಅಜ್ಜಿ ಎಣ್ಣೆ ತಿಕ್ಕಿ, ಹಂಡೆಯ ನೀರು ಹಾಕಿ, ಬೆನ್ನು ಸೊಂಟ ಒತ್ತಿ, ಹಳೆಯ ಹತ್ತಿ ಸೀರೆಯಿಂದ ಹೊಟ್ಟೆ ಬಿಗಿದು ಕಟ್ಟುತ್ತಿದ್ದಳು. ಊಟಕ್ಕೆ ಬಿಸಿ ಜೋಳದ ರೊಟ್ಟಿ, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಒಗ್ಗರಣೆಯ ಹೆಸರುಬೇಳೆ ಕಟ್ಟು, ಮೇಲೆ ತುಪ್ಪ. ಹೊತ್ತಿಗೊಂದು ಅಂಟಿನ ಉಂಡೆ, ಒಮ್ಮೊಮ್ಮೆ ಅಳವಿ ಪಾಯಸ. ನೀರು ಮಾತ್ರ ಲೆಕ್ಕ ಹಾಕಿ, ಅದೂ ಕುದಿಸಿ ಆರಿಸಿದ ಜೀರಿಗೆ ನೀರು, ಒಂದು ಪುಟ್ಟ ತಂಬಿಗೆ. ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ, ಕೂಸಿಗೆ ನೆಗಡಿಯಾಗುತ್ತದೆ.

ಇದನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವವರ ಜೊತೆ ನನಗೆ ಜಗಳವಿದೆ. ಸಾರಾಸಗಟಾಗಿ ಒಪ್ಪುವವರ ಜೊತೆಯೂ ಇದೆ. ನಲವತ್ತು ದಿನ ಎಂಬ ಅವ್ವನ ಲೆಕ್ಕಕ್ಕೂ ಆರು ವಾರ ಎಂಬ ವೈದ್ಯರ ಲೆಕ್ಕಕ್ಕೂ ಇರುವ ಅಂತರ ಎರಡೇ ದಿನ. ಹೆರಿಗೆಯಾದ ಕೂಡಲೇ ಸುಮಾರು ಒಂದು ಕಿಲೋ ತೂಗುವ ಗರ್ಭಕೋಶ ಈ ಆರು ವಾರಗಳಲ್ಲಿ ನೂರು ಗ್ರಾಮಿಗಿಂತಲೂ ಕೆಳಗೆ ಇಳಿಯುತ್ತದೆ. ಕಣ್ಣಿಗೆ ಕಾಣದ ಇಷ್ಟು ದೊಡ್ಡ ಕೆಲಸ ಒಳಗೆ ನಡೆದಿರುವಾಗ ಹೊರಗಿನ ಕೆಲಸ ಬೇಡ ಎಂದವರು ಜಾಣರೇ. ಬಿಸಿ ಊಟ ಕೈಗೆ ಬರುವುದು, ಬಂದವರನ್ನು ಬಾಗಿಲಲ್ಲೇ ಮಾತನಾಡಿಸಿ ಕಳುಹಿಸುವುದು, ರಾತ್ರಿ ಕೂಸು ಅತ್ತರೆ ಎತ್ತಿಕೊಳ್ಳಲು ಇನ್ನೆರಡು ಕೈ ಇರುವುದು, ಇವುಗಳ ಬೆಲೆ ಒಬ್ಬಳೇ ಬಾಣಂತನ ಮಾಡಿಕೊಂಡ ನಗರದ ಗೆಳತಿಯರನ್ನು ಕೇಳಿದರೆ ತಿಳಿಯುತ್ತದೆ. ಆದರೆ ನೀರು ಕೊಡದಿರುವುದು ತಪ್ಪು. ಎದೆಹಾಲು ಕುಡಿಸುವವಳಿಗೆ ನೀರಡಿಕೆ ಹೆಚ್ಚು. ಅದರ ಮೇಲೆ ನಮ್ಮ ಬೇಸಿಗೆ, ಕೆಂಡ, ಮಲಬದ್ಧತೆ, ಹೊಲಿಗೆಯ ನೋವು. ಮುಚ್ಚಿದ ಕೋಣೆಯ ಹೊಗೆ ಕೂಸಿನ ಎಳೆಯ ಪುಪ್ಪುಸಕ್ಕೆ ಹೋಗುತ್ತದೆ. ಇನ್ನು ಅಲ್ಲಾಡದೆ ಮಲಗುವುದು: ಹೆರಿಗೆಯಾದ ಆರು ವಾರಗಳವರೆಗೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿರುತ್ತದೆ, ಸಿಸೇರಿಯನ್ ಆದವರಿಗೆ ಇನ್ನಷ್ಟು. ಕೋಣೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಲಿಗೆ ನಿಧಾನವಾಗಿ ನಡೆಯುವುದು ಆ ದಿನಗಳ ಔಷಧ. ನಾನು ನಡೆಯುತ್ತಿದ್ದೆ, ಅವ್ವ ಬೈಯುತ್ತಿದ್ದಳು. ಹಿತ್ತಲಿಗೆ ಹೋದಾಗ ಕೊಡದಿಂದ ನೀರು ಕುಡಿಯುತ್ತಿದ್ದೆ, ಅದು ಅವಳಿಗೆ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುತ್ತಿದ್ದಳು.

ನಲವತ್ತು ದಿನ ತುಂಬಿತು. ತಲೆಗೆ ಎರೆದು, ಉಡಿ ತುಂಬಿ, ಕಾರಿನಲ್ಲಿ ಕೂರಿಸಿ ರಾಯಚೂರಿಗೆ ಕಳುಹಿಸಿದರು. ಮರುದಿನ ಬೆಳಿಗ್ಗೆ ನಳಕ್ಕೆ ನೀರು ಬಂದಿತ್ತು.

ಅತ್ತೆ ಕೆಟ್ಟವರಲ್ಲ. ಅವರಿಗೂ ಮಂಡಿನೋವು. ಕೊಡ ಎತ್ತು ಎಂದು ಅವರು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ನಾನು ನಿಂತು ನೋಡುವುದು ಸಾಧ್ಯವಿರಲಿಲ್ಲ. ನಲವತ್ತನೆಯ ದಿನದವರೆಗೆ ಹಾಸಿಗೆಯಿಂದ ಏಳುವಾಗ ಕೈ ಹಿಡಿಯುತ್ತಿದ್ದರು. ನಲವತ್ತೆರಡನೆಯ ದಿನ ಹದಿನೈದು ಲೀಟರಿನ ಕೊಡ ಸೊಂಟಕ್ಕೆ ಬಂದಿತ್ತು. ಕೊಡವೊಂದೇ ಅಲ್ಲ. ಒಂದು ತಿಂಗಳು ಅಮ್ಮನನ್ನು ಬಿಟ್ಟಿದ್ದ ಮಗಳು ಎತ್ತಿಕೋ ಎಂದು ಕಾಲಿಗೆ ಜೋತುಬಿದ್ದಳು. ಲಂಗದ ಲಾಡಿ ಸರಿಯಾಗಿ ಹೊಲಿಗೆಯ ಮೇಲೇ ಕೂರುತ್ತಿತ್ತು. ಸಿಸೇರಿಯನ್ ಆದವರಿಗೆ ಸೀರೆ ಉಡುವುದು ಎಂತಹ ಶಿಕ್ಷೆ ಎನ್ನುವುದರ ಬಗ್ಗೆ ಯಾರಾದರೂ ಬರೆದಿದ್ದಾರೆಯೋ ಇಲ್ಲವೋ, ನಾನಂತೂ ಓದಿಲ್ಲ.

ನಲವತ್ತರ ಗೆರೆ ಮನೆಯವರು ಮಾತ್ರ ಎಳೆದದ್ದಲ್ಲ. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯ ಬಾಣಂತಿ ಭೇಟಿಗಳ ಪಟ್ಟಿಯೂ 42ನೆಯ ದಿನಕ್ಕೆ ಮುಗಿಯುತ್ತದೆ. ಆಮೇಲೆ ಮೂರನೆಯ ತಿಂಗಳಿನಿಂದ ಹದಿನೈದನೆಯ ತಿಂಗಳವರೆಗೆ ಅವರು ಮತ್ತೆ ಬರುತ್ತಾರೆ, ಆದರೆ ಮುಖ್ಯವಾಗಿ ಕೂಸಿನ ತೂಕ, ಲಸಿಕೆ, ಆಹಾರ ನೋಡಲು. ನನಗೆ ಹೆರಿಗೆಯಾದ ಆಸ್ಪತ್ರೆಯವರು ಬಿಡುಗಡೆಯ ಚೀಟಿಯಲ್ಲಿ ಕೂಸಿನ ಲಸಿಕೆಗಳನ್ನು ದಿನಾಂಕದೊಂದಿಗೆ ಬರೆದುಕೊಟ್ಟಿದ್ದರು. ನನ್ನ ಹೆಸರಿನ ಮುಂದೆ ಇದ್ದದ್ದು ಹೊಲಿಗೆ ಬಿಚ್ಚುವ ದಿನ ಮತ್ತು ಮೂರು ಮಾತ್ರೆ. ಹೊಟ್ಟೆಯನ್ನು ಕುಯ್ದು ಹೊಲಿದ ಮೇಲೆ ಆ ಹೊಟ್ಟೆ ಯಾವಾಗಿನಿಂದ ಎಷ್ಟು ಭಾರ ಹೊರಬಹುದು ಎಂದು ಒಂದು ಸಾಲೂ ಇರಲಿಲ್ಲ.

ಆ ಸಾಲು ನನಗೆ ಸಿಕ್ಕಿದ್ದು ಆಮೇಲೆ, ಫಿಸಿಯೋಥೆರಪಿಸ್ಟ್ ಒಬ್ಬರ ಬಾಯಿಂದ. ಹೊಲಿದ ಚರ್ಮ ಎರಡು ಮೂರು ವಾರಗಳಲ್ಲಿ ಕೂಡಿಕೊಂಡು ಎಲ್ಲ ಮುಗಿಯಿತು ಎನ್ನಿಸುತ್ತದೆ. ಒಳಗೆ ಸ್ನಾಯುಗಳನ್ನು ಹಿಡಿದಿಡುವ ಗಟ್ಟಿ ಪೊರೆಯೊಂದಿದೆ. ಆರು ವಾರಕ್ಕೆ ಅದರ ಮೂಲ ಬಲದಲ್ಲಿ ಮರಳುವುದು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಆರೇಳು ತಿಂಗಳಿಗೂ ಶೇಕಡ 73ರಿಂದ 93ರವರೆಗೆ. ಹೆರಿಗೆಯಾದ ಮೂರು ತಿಂಗಳೊಳಗೆ ಓಡಬೇಡಿ ಎಂದು 2019ರಲ್ಲಿ ಬ್ರಿಟನ್ನಿನ ಫಿಸಿಯೋಥೆರಪಿಸ್ಟರು ಹೊರತಂದ ಮಾರ್ಗಸೂಚಿಯ ಹಿಂದೆಯೂ ಇಂತಹ ಲೆಕ್ಕಗಳೇ ಇವೆ. ಅಂದರೆ ಮನೆಯವರು ಬಾಣಂತನ ಮುಗಿಯಿತು ಎನ್ನುವ ದಿನ ಹೊಟ್ಟೆಯ ಗೋಡೆ ಅರ್ಧದಾರಿಯಲ್ಲಿದೆ. ಓಡುವ ಗೋಜು ನನಗಿಲ್ಲ, ಬಸ್ಸಿನ ಹಿಂದೆ ಓಡುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ.

ಮಗನಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಕಾರಹುಣ್ಣಿಮೆ ಬಂತು. ಆ ದಿನಗಳಲ್ಲಿ ಮುನ್ನೂರುಕಾಪು ಸಮಾಜದವರು ನಡೆಸುವ ಮುಂಗಾರು ಸಾಂಸ್ಕೃತಿಕ ರಾಯಚೂರು ಹಬ್ಬದಲ್ಲಿ ಎತ್ತುಗಳಿಂದ ಟನ್‌ಗಟ್ಟಲೆ ತೂಕದ ಕಲ್ಲು ಎಳೆಸುತ್ತಾರೆ. ಊರಿಗೆ ಊರೇ ಸೇರುತ್ತದೆ. ನಮ್ಮ ಯಜಮಾನರು ಪ್ರತಿ ವರ್ಷ ತಪ್ಪಿಸುವುದಿಲ್ಲ. ಬಂದ ಮೇಲೆ ಯಾವ ಜೋಡಿ ಎಷ್ಟು ದೂರ ಎಳೆಯಿತು ಎನ್ನುವ ವರದಿ ಊಟದ ಹೊತ್ತಿನಲ್ಲಿ ಕೇಳಲೇಬೇಕು. ಆ ಎತ್ತುಗಳನ್ನು ಸಾಕುವವರು ತಿಂಗಳುಗಟ್ಟಲೆ ಹುರುಳಿ ಹತ್ತಿಕಾಳು ತಿನ್ನಿಸಿ, ಮೊದಲು ಹಗುರ ಭಾರ ಕಟ್ಟಿ, ಮೆಲ್ಲಗೆ ಏರಿಸುತ್ತ ತಾಲೀಮು ಕೊಡುತ್ತಾರಂತೆ. ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿದ್ದ ಎತ್ತಿಗೆ ನೇರವಾಗಿ ಕಲ್ಲು ಕಟ್ಟಿದರೆ ಸೊಂಟ ಹೋಗುತ್ತದೆ ಎಂದು ಯಜಮಾನರು ವಿವರಿಸಿದರು. ಬಾಯಿಯವರೆಗೆ ಬಂದ ಮಾತನ್ನು ನಾನು ರೊಟ್ಟಿಯ ಜೊತೆ ನುಂಗಿಕೊಳ್ಳಲಿಲ್ಲ, ಆಡಿಯೇಬಿಟ್ಟೆ. ಎತ್ತಿಗೆ ಇರುವ ಲೆಕ್ಕ ಬಾಣಂತಿಗೆ ಯಾಕಿಲ್ಲ? ಅವರು ಸ್ವಲ್ಪ ಹೊತ್ತು ತಟ್ಟೆ ನೋಡಿದರು. ಅದರ ಮರುವಾರ ನನ್ನನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋದವರು ಅವರೇ.

ಅಲ್ಲಿ ಕಲಿತದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ನಮ್ಮ ಹೆಂಗಸರು ಒಬ್ಬರಿಗೊಬ್ಬರು ಹೇಳುವುದಿಲ್ಲ.

ಎದೆಗೂಡಿನಿಂದ ಕಿಬ್ಬೊಟ್ಟೆಯವರೆಗೆ ಹೊಟ್ಟೆಯ ಮುಂದೆ ಎರಡು ಉದ್ದನೆಯ ಸ್ನಾಯುಗಳಿವೆ. ನಡುವೆ ಅವನ್ನು ಕೂಡಿಸುವ ಒಂದು ತಂತುಪಟ್ಟಿ. ಗರ್ಭ ಬೆಳೆದಂತೆ ಈ ಪಟ್ಟಿ ಹಿಗ್ಗಿ ಸ್ನಾಯುಗಳು ಎರಡು ಬದಿಗೆ ಸರಿಯುತ್ತವೆ. ಹೆರಿಗೆಯ ನಂತರ ಮೊದಲ ಎರಡು ತಿಂಗಳಲ್ಲಿ ಬಹಳಷ್ಟು ತಾನಾಗಿ ಹತ್ತಿರ ಬರುತ್ತವೆ, ಕೆಲವರಲ್ಲಿ ಬಿರುಕು ಉಳಿಯುತ್ತದೆ. ನೋಡಿಕೊಳ್ಳುವುದು ಸುಲಭ. ಮೊಣಕಾಲು ಮಡಚಿ ಅಂಗಾತ ಮಲಗಿ, ತಲೆಯನ್ನು ತುಸು ಎತ್ತಿ, ಹೊಕ್ಕುಳ ಹತ್ತಿರ ಬೆರಳುಗಳನ್ನು ಅಡ್ಡವಾಗಿ ಇಟ್ಟು ಒತ್ತಬೇಕು. ಎರಡು ಬೆರಳಿಗಿಂತ ಹೆಚ್ಚು ಒಳಗೆ ಇಳಿದರೆ ಬಲ್ಲವರಿಗೆ ತೋರಿಸಬೇಕು. ನನ್ನದು ಮೂರು ಬೆರಳು. "ಹೊಟ್ಟೆ ಇನ್ನೂ ಇಳಿದಿಲ್ಲವಲ್ಲ, ಅವ್ವ ಸರಿಯಾಗಿ ಕಟ್ಟಲಿಲ್ಲವೇ?" ಎಂದು ಕೇಳಿದವರಿಗೆಲ್ಲ ಇದೇ ಉತ್ತರವಾಗಿತ್ತು, ಆದರೆ ಮದುವೆಮನೆಯಲ್ಲಿ ಬೆರಳು ಇಟ್ಟು ತೋರಿಸುವುದು ಹೇಗೆ? ಸೀರೆ ಬಿಗಿದು ಕಟ್ಟುವುದರಿಂದ ಏಳುವಾಗ ಕೂರುವಾಗ ಆಸರೆ ಸಿಗುತ್ತದೆ, ಅದು ನಿಜ. ಬಿರುಕನ್ನು ಕೂಡಿಸುವ ಕೆಲಸ ಬಟ್ಟೆಯದಲ್ಲ, ಸ್ನಾಯುವಿನದು. ಮೊಬೈಲಿನಲ್ಲಿ ತೋರಿಸುವ ಹಾಗೆ ಮಲಗಿ ಮಲಗಿ ಎದ್ದು ಕೂರುವ ವ್ಯಾಯಾಮ ಈ ಸ್ಥಿತಿಯಲ್ಲಿ ಬೇಡವೇ ಬೇಡ. ಹೊಟ್ಟೆಯ ನಡುಭಾಗ ದಿಬ್ಬವಾಗಿ ಉಬ್ಬಿದರೆ ಅದು ನಿಲ್ಲಿಸು ಎನ್ನುವ ಸೂಚನೆ. ನನಗೆ ಹೇಳಿಕೊಟ್ಟದ್ದು ಉಸಿರು. ಮೂಗಿನಿಂದ ಎಳೆದಾಗ ಪಕ್ಕೆಗಳು ಅಗಲವಾಗಬೇಕು, ಬಾಯಿಂದ ಬಿಡುತ್ತ ಹೊಕ್ಕುಳನ್ನು ಬೆನ್ನಿನ ಕಡೆಗೆ ಮೆಲ್ಲಗೆ ಎಳೆದುಕೊಳ್ಳಬೇಕು. ಮೊದಲ ವಾರ ಇದೂ ಒಂದು ವ್ಯಾಯಾಮವೇ ಎಂದು ನಗು ಬಂದಿತ್ತು.

ಇನ್ನೊಂದು ಹೇಳಲು ಇನ್ನೂ ಕಷ್ಟ. ಕೆಮ್ಮಿದರೆ, ಸೀನಿದರೆ, ನಕ್ಕರೆ ಮೂತ್ರ ತೊಟ್ಟಿಕ್ಕುವುದು. ಹೆರಿಗೆಯಾದವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಹೆಂಗಸರಿಗೆ ಇದು ಇರುತ್ತದೆ, ಆದರೂ ಪ್ರತಿಯೊಬ್ಬಳೂ ತನಗೊಬ್ಬಳಿಗೇ ಎಂದುಕೊಳ್ಳುತ್ತಾಳೆ. ಮೂತ್ರಕೋಶ, ಗರ್ಭಕೋಶ, ಮಲಾಶಯ ಮೂರನ್ನೂ ಕೆಳಗಿನಿಂದ ಹಿಡಿದು ನಿಲ್ಲಿಸುವ ಸ್ನಾಯುಗಳು ಗರ್ಭದ ಭಾರಕ್ಕೆ ಸೋತಿರುತ್ತವೆ. ಸಿಸೇರಿಯನ್ ಆದವರೂ ಇದರಿಂದ ಪೂರ್ತಿ ಪಾರಾಗುವುದಿಲ್ಲ, ಒಂಬತ್ತು ತಿಂಗಳು ಹೊತ್ತದ್ದು ಹೊತ್ತದ್ದೇ. ಅವನ್ನು ಬಿಗಿ ಮಾಡಿ ಸಡಿಲ ಬಿಡುವ ವ್ಯಾಯಾಮವನ್ನು ಅಮೆರಿಕದ ವೈದ್ಯ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಬರೆದು ಪ್ರಚಾರಕ್ಕೆ ತಂದರು, ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ. ವಾಯು ಹೋಗದಂತೆ ತಡೆಯುವಾಗ ಎಲ್ಲಿ ಬಿಗಿಯುತ್ತೇವೋ ಅಲ್ಲಿ ಬಿಗಿದು, ಉಸಿರು ಕಟ್ಟದೆ, ಐದರಿಂದ ಹತ್ತು ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಪೂರ್ತಿ ಬಿಡಬೇಕು. ಎಂಟು ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಮೂತ್ರ ಮಾಡುತ್ತಿರುವಾಗ ಮಾಡಬಾರದು. ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ, ಬಸ್ಸಿನಲ್ಲೂ ಮಾಡಬಹುದು, ಶಾಲೆಯ ಸಿಬ್ಬಂದಿ ಸಭೆಯಲ್ಲೂ ಮಾಡಬಹುದು. ಸಭೆಗಳಿಂದ ನನಗಾದ ಲಾಭ ಅದೊಂದೇ.

"ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಮನೆಕೆಲಸವೇ ವ್ಯಾಯಾಮ" ಎಂದು ಅತ್ತೆ ಹೇಳಿದ್ದರು. ಎಲ್ಲ ಅತ್ತೆಯರೂ ಹೇಳುತ್ತಾರೆ. ಬೀಸುಕಲ್ಲು ತಿರುಗಿಸಿ, ಬಾವಿಯಿಂದ ನೀರು ಸೇದಿ, ಹೊಲದಲ್ಲಿ ಕಳೆ ತೆಗೆದು ನಮ್ಮಜ್ಜಿಯರು ಗಟ್ಟಿಮುಟ್ಟಾಗಿದ್ದರು ಎನ್ನುವ ಚಿತ್ರದಲ್ಲಿ ಒಂದು ಮೂಲೆಯನ್ನು ಯಾರೂ ತೋರಿಸುವುದಿಲ್ಲ. ನನ್ನ ಅಮ್ಮನ ತಾಯಿಗೆ ಗರ್ಭಕೋಶ ಜಾರಿತ್ತು. ಎಂಟು ಹೆರಿಗೆ, ಪ್ರತಿಯೊಂದರ ನಂತರವೂ ಬೇಗನೆ ಹೊರೆ. ಅವಳು ಬಟ್ಟೆ ಕಟ್ಟಿಕೊಂಡು ಕೊನೆಯವರೆಗೂ ದುಡಿದಳು, ಅದನ್ನು ಹೆಣ್ಣುಮಕ್ಕಳಿಗೆ ಹೇಳಿದ್ದೂ ಅವರೇ ಬಾಣಂತಿಯರಾದ ಮೇಲೆ. ಮನೆಕೆಲಸದಲ್ಲಿ ಮೈ ದಣಿಯುತ್ತದೆ, ಬೆವರು ಬರುತ್ತದೆ, ಉಸಿರು ಏರುತ್ತದೆ, ಎಲ್ಲ ನಿಜ. ಆದರೆ ಅದು ನನ್ನ ಸ್ನಾಯುವಿನ ಅಳತೆ ನೋಡಿ ಭಾರ ಕೊಡುವುದಿಲ್ಲ, ನೋವಾಯಿತೆಂದರೆ ನಿಲ್ಲುವುದಿಲ್ಲ, ಬಗ್ಗಿದ ಬೆನ್ನನ್ನೇ ಮತ್ತೆ ಮತ್ತೆ ಬಗ್ಗಿಸುತ್ತದೆ. ಇದನ್ನೆಲ್ಲ ನಾನು ಅತ್ತೆಗೆ ಇಷ್ಟು ಉದ್ದ ಹೇಳಲಿಲ್ಲ. ಒಂದು ಮಧ್ಯಾಹ್ನ ಅವರೇ ಕೂಸಿಗೆ ಕುಂಚಿಗೆ ಕಟ್ಟುತ್ತ, ನನ್ನ ಮುಖ ನೋಡದೆ ಕೇಳಿದರು: "ಆ ಕೆಮ್ಮಿದಾಗಿನ ವ್ಯಾಯಾಮ, ಅದು ವಯಸ್ಸಾದವರಿಗೂ ಆಗುತ್ತದೆಯೇ?" ಆಗುತ್ತದೆ. ಈಗ ನಮ್ಮ ಮನೆಯಲ್ಲಿ ಇಬ್ಬರು ಮಾಡುತ್ತೇವೆ.

ಅಭ್ಯಾಸದ ಮಾತಿಗೆ ಬರೋಣ. ಬೆಳಿಗ್ಗೆ ಐದಕ್ಕೆ ಏಳಬೇಕು, ಅರ್ಧ ಗಂಟೆ ಯೋಗ, ಅರ್ಧ ಗಂಟೆ ನಡಿಗೆ ಎಂದು ಗಡಿಯಾರ ನೋಡಿ ಬರೆದ ಪಟ್ಟಿ ಎಳೆಗೂಸಿನ ಮನೆಯಲ್ಲಿ ಒಂದು ವಾರವೂ ಬಾಳುವುದಿಲ್ಲ. ಕೂಸಿಗೆ ಗಡಿಯಾರ ಗೊತ್ತಿಲ್ಲ. ಹಾಗಾಗಿ ಹೇಗಿದ್ದರೂ ನಡೆದೇ ತೀರುವ ಕೆಲಸಗಳಿಗೆ ನನ್ನ ವ್ಯಾಯಾಮಗಳನ್ನು ಗಂಟು ಹಾಕಿದೆ. ಹಾಲು ಕುಡಿಸಲು ಕೂತಾಗ ಕೆಳಗಿನ ಸ್ನಾಯುಗಳದ್ದು. ಬೇಳೆಗೆ ಕುಕ್ಕರ್ ಇಟ್ಟು ಸೀಟಿಗೆ ಕಾಯುವಾಗ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಕೂಸಿನ ಬಟ್ಟೆ ಬದಲಿಸಿದ ಮೇಲೆ ಗೋಡೆಗೆ ಕೈಕೊಟ್ಟು ದಂಡ. ನಾಲ್ಕನೆಯ ತಿಂಗಳಿನಿಂದ ಬಸ್ಕಿ, ಮೊದಲು ಕುರ್ಚಿಯ ಮೇಲೆ ಕೂತು ಏಳುವುದು, ಆಮೇಲೆ ಕುರ್ಚಿ ಇಲ್ಲದೆ, ಆಮೇಲೆ ಮಗನನ್ನು ಎದೆಗೆ ಒತ್ತಿಕೊಂಡು. ಕೂಸಿನ ತೂಕ ಐದು ತಿಂಗಳಿಗೆ ಹುಟ್ಟಿದಾಗಿನ ಎರಡು ಪಟ್ಟು, ವರ್ಷಕ್ಕೆ ಮೂರು ಪಟ್ಟು ಆಗುತ್ತದೆ. ಭಾರ ಏರಿಸುವ ಕೆಲಸವನ್ನು ಅವನೇ ವಹಿಸಿಕೊಂಡಿದ್ದ. ನೀರು ಬಂದ ದಿನ ಬೇರೆ ವ್ಯಾಯಾಮ ಇಲ್ಲ, ಅದೇ ಸಾಕು; ಕೊಡ ಅರ್ಧ ತುಂಬಿಸಿ, ಮೊಣಕಾಲು ಮಡಚಿ, ಎತ್ತುವ ಗಳಿಗೆಯಲ್ಲಿ ಉಸಿರು ಬಿಟ್ಟು. ಸುತ್ತು ಹೆಚ್ಚಾದವು, ಬೆನ್ನುನೋವು ಕಡಿಮೆಯಾಯಿತು.

ನಡಿಗೆ ಮಾತ್ರ ನಮ್ಮ ಊರಿನಲ್ಲಿ ಹವಾಮಾನದ ಅಪ್ಪಣೆ ಕೇಳಬೇಕು. ಏಪ್ರಿಲ್‌, ಮೇ ತಿಂಗಳಲ್ಲಿ ಏಳು ಗಂಟೆಗೇ ಬಿಸಿಲು ಚುರುಗುಟ್ಟುತ್ತದೆ. ಸಂಜೆ ಹೊರಟರೆ ರಸ್ತೆಯೇ ಕಾವು ಉಗುಳುತ್ತಿರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ರಾತ್ರಿ ಊಟವಾದ ಮೇಲೆ ಮಾಳಿಗೆಯ ಮೇಲೆ, ಕೂಸನ್ನು ಹೆಗಲಿಗೆ ಹಾಕಿಕೊಂಡು. ಮಳೆ ಬಿದ್ದು ತಂಪಾದ ಮೇಲೆ ಕ್ರೀಡಾಂಗಣ. ಬೆಳಿಗ್ಗೆ ಹಾ‌ಲು ಕುಡಿಸಿ ಅಪ್ಪನ ಪಕ್ಕಕ್ಕೆ ಮಲಗಿಸಿ ಬರುತ್ತೇನೆ. ಮೊದಮೊದಲು ಅವರು ಇದನ್ನು ನನಗೆ ಮಾಡುವ ಸಹಾಯ ಎಂದು ಹೇಳಿಕೊಳ್ಳುತ್ತಿದ್ದರು. ಕೂಸು ಅವರದೂ ಹೌದಲ್ಲವೇ ಎಂದು ಕೇಳಿದ ಮೇಲೆ ಆ ಮಾತು ನಿಂತಿದೆ. ವಾರಕ್ಕೆ 150 ನಿಮಿಷ ಮೈ ಚುರುಕಾಗುವಷ್ಟು ಚಟುವಟಿಕೆ ಬೇಕು ಎನ್ನುವ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಗರ್ಭಿಣಿ ಬಾಣಂತಿಯರಿಗೂ ಅನ್ವಯಿಸುತ್ತದೆ, ಕನಿಷ್ಠ ಹತ್ತು ನಿಮಿಷ ಎಡೆಬಿಡದೆ ಮಾಡಿದರೆ ಮಾತ್ರ ಲೆಕ್ಕ ಎನ್ನುವ ಹಳೆಯ ನಿಯಮವನ್ನು ಅದು ಕೈಬಿಟ್ಟಿದೆ. ಐದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ ಎನ್ನುವುದು ಬಾಣಂತಿಗೆ ದೊಡ್ಡ ಸಮಾಧಾನ. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಣಿಸಿಕೊಂಡವರಂತೂ ಇದನ್ನು ಬಿಡುವಂತಿಲ್ಲ. ಅವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಹೆಚ್ಚು, ಹೆರಿಗೆಯಾದ ಆರು ವಾರಕ್ಕೆ ಮತ್ತೊಮ್ಮೆ ರಕ್ತಪರೀಕ್ಷೆ ಆಗಬೇಕು. ಚೀಟಿ ಹಿಡಿದು ಬಂದಿರುವ ನನ್ನ ಕ್ರೀಡಾಂಗಣದ ಗೆಳತಿಯರಲ್ಲಿ ಎಷ್ಟು ಮಂದಿಗೆ ಇಪ್ಪತ್ತೈದು ವರ್ಷ ಮೊದಲೇ ಯಾರಾದರೂ ಹೀಗೆ ಹೇಳಬಹುದಿತ್ತೋ.

ಊಟದ ವಿಷಯದಲ್ಲಿ ನನ್ನ ನಿಲುವು ಸರಳ. ಹಾಲು ಕುಡಿಸುವ ಮೊದಲ ಆರು ತಿಂಗಳು ದಿನಕ್ಕೆ 600 ಕಿಲೋಕ್ಯಾಲೊರಿ ಹೆಚ್ಚಿಗೆ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಈ ಹೊತ್ತಿನಲ್ಲಿ ಊಟ ಬಿಟ್ಟು ಇಳಿಸುವ ಮಾತಾಡುವವರನ್ನು ಮೊಬೈಲಿನಲ್ಲೇ ಬಿಟ್ಟುಬಿಡಬೇಕು. ಆದರೆ ಆ ಹೆಚ್ಚಿಗೆಯೆಲ್ಲ ತುಪ್ಪ, ಕೊಬ್ಬರಿ, ಬೆಲ್ಲದಿಂದಲೇ ಬಂದರೆ ಸ್ನಾಯು ಕಟ್ಟುವ ಸಾಮಗ್ರಿ ಎಲ್ಲಿ? ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ. ಅಂಟಿನ ಉಂಡೆ ಒಂದಕ್ಕೆ ಇಳಿಸಿ, ಮೊಳಕೆ ಹೆಸರುಕಾಳು, ಶೇಂಗಾ ಹಿಂಡಿ, ಗಟ್ಟಿ ಮೊಸರು, ರೊಟ್ಟಿಯ ಜೊತೆ ಎರಡು ಸೌಟು ಹೆಚ್ಚು ಬೇಳೆ ಎಂದು ಬದಲಿಸಿಕೊಂಡೆ. ಅಳವಿಯನ್ನು ಮಾತ್ರ ಬಿಡಲಿಲ್ಲ, ಅದರಲ್ಲಿ ಕಬ್ಬಿಣದ ಅಂಶ ಹೇರಳ.

ಕಬ್ಬಿಣದ ಮಾತು ಬಂದದ್ದರಿಂದ ಇದನ್ನು ಒತ್ತಿ ಹೇಳಬೇಕು. ನಾಲ್ಕು ಮೆಟ್ಟಿಲಿಗೆ ಏದುಸಿರು ಬರುತ್ತಿದ್ದ ದಿನಗಳಲ್ಲಿ ಎಲ್ಲರೂ ಮೈ ಬಂದಿದೆ, ಸೋಮಾರಿತನ ಎಂದರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಒಂಬತ್ತರ ಹತ್ತಿರ; ಹನ್ನೆರಡಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಇದು ಇದೆ. ರಕ್ತವೇ ಇಲ್ಲದೆ ವ್ಯಾಯಾಮ ಎಲ್ಲಿಂದ ಬರಬೇಕು? ಹೆರಿಗೆಯಾದ ಮೇಲೂ 180 ದಿನ ತೆಗೆದುಕೊಳ್ಳಬೇಕಾದ ಕಬ್ಬಿಣದ ಮಾತ್ರೆಗಳು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತವೆ. ಚಹಾದ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಒಂದೆರಡು ಗಂಟೆ ಅಂತರ ಇರಬೇಕು, ನಿಂಬೆಹಣ್ಣು ಹಿಂಡಿದ ಊಟದ ಜೊತೆ ಒಳ್ಳೆಯದು. ಎರಡು ತಿಂಗಳಲ್ಲಿ ಮೆಟ್ಟಿಲು ಸಣ್ಣದಾದವು.

ಮನಸ್ಸಿನ ವಿಷಯ ನನಗೆ ಅಷ್ಟಾಗಿ ಕಾಡಲಿಲ್ಲ, ಆದ್ದರಿಂದ ಹೆಚ್ಚು ಬರೆಯುವ ಅಧಿಕಾರ ನನಗಿಲ್ಲ. ಮೊದಲ ಹತ್ತು ಹದಿನೈದು ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ಹೋಗದಿದ್ದರೆ, ಕೂಸಿನ ಮೇಲೆ ಮನಸ್ಸೇ ಹರಿಯದಿದ್ದರೆ ಅದು ಹಟವೂ ಅಲ್ಲ, ದೃಷ್ಟಿಯೂ ಅಲ್ಲ. ವೈದ್ಯರಿಗೆ ತೋರಿಸಬೇಕಾದ ಕಾಯಿಲೆ ಅದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಇಷ್ಟೆಲ್ಲ ಬರೆಯುವಾಗ ಒಂದು ಮುಜುಗರ ಕಾಡುತ್ತಲೇ ಇದೆ. ನಾನು ಸರ್ಕಾರಿ ಶಾಲೆಯ ಶಿಕ್ಷಕಿ, ನನಗೆ ಸಂಬಳ ಸಹಿತ 180 ದಿನಗಳ ಹೆರಿಗೆ ರಜೆ ಇತ್ತು. ನನ್ನ ತರಗತಿಯ ಒಬ್ಬ ಹುಡುಗನ ತಾಯಿ ಹತ್ತಿ ಬಿಡಿಸಲು ಹೋಗುತ್ತಾಳೆ. ಎರಡು ತಿಂಗಳ ಕೂಸನ್ನು ಬದುವಿನ ಬೇವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸಿ, ಸೊಂಟಕ್ಕೆ ಕಟ್ಟಿದ ಉಡಿಯಲ್ಲಿ ಹತ್ತಿ ತುಂಬಿಸುತ್ತಾಳೆ. ಅವಳ ಹಾಗೆ ದುಡಿಯುವವರಿಗೆ ಮೊದಲ ಕೂಸಿಗೆ ಮಾತೃವಂದನಾ ಯೋಜನೆಯ 5,000 ರೂಪಾಯಿ, ಅದೂ ಕಂತಿನಲ್ಲಿ. ಅಂಗನವಾಡಿಯಲ್ಲಿ 2017ರ ಗಾಂಧಿ ಜಯಂತಿಯಿಂದ ಶುರುವಾದ ಮಾತೃಪೂರ್ಣದ ಮಧ್ಯಾಹ್ನದ ಊಟವಿದೆ, ಆದರೆ ಊಟದ ಹೊತ್ತಿಗೆ ಅವಳು ಹೊಲದಲ್ಲಿರುತ್ತಾಳೆ. ಗುಳೆ ಹೋದವರಿಗೆ ಆ ಅಂಗನವಾಡಿಯೂ ಇಲ್ಲ. ಅವಳಿಗೆ ವಿಶ್ರಾಂತಿ ತೆಗೆದುಕೋ ಎಂದು ಹೇಳುವ ಬಾಯಿ ನನಗಿಲ್ಲ. ಶಾಲೆಗೆ ಬಂದಾಗ ಹೇಳಿದ್ದು ಮೂರೇ ಮಾತು: ಮಾತ್ರೆ ಬಿಡಬೇಡ, ಮೂಟೆ ಎತ್ತುವಾಗ ಉಸಿರು ಬಿಟ್ಟು ಎತ್ತು, ಮತ್ತೆ ಆ ಬಿಗಿದು ಬಿಡುವ ವ್ಯಾಯಾಮ. ಮೂರನೆಯದನ್ನು ಕೇಳಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು, ಆಮೇಲೆ ಗಂಭೀರವಾಗಿ ಇನ್ನೊಮ್ಮೆ ಹೇಳಿ ಟೀಚರ್ ಎಂದಳು.

ಈಗ ತಂಗಿ ಬಸುರಿ, ಅವಳದೂ ಎರಡನೆಯದು. ದಸರೆಯ ಹೊತ್ತಿಗೆ ದಿನ ತುಂಬುತ್ತದೆ. ಬಾಣಂತನ ಅವ್ವನ ಮನೆಯಲ್ಲೇ. ಅಗ್ಗಿಷ್ಟಿಕೆ ಹೊರಗೆ, ನೀರು ಕೇಳಿದಷ್ಟು, ಅರಳೆ ಮತ್ತು ಉಂಡೆ ಅವ್ವನ ಇಷ್ಟದಂತೆ ಎಂದು ನಾವಿಬ್ಬರೂ ಫೋನಿನಲ್ಲೇ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಹತ್ತಿ ಬಿಡಿಸುವ ಸುಗ್ಗಿ ಇರುವುದರಿಂದ ನಲವತ್ತು ದಿನಕ್ಕೆ ಕಳುಹಿಸಿಕೊಡಿ ಎಂದು ಬೀಗರು ಹೇಳಿಕಳುಹಿಸಿದ್ದಾರೆ. ಬೀಗರ ಮಾತಿಗೆ ಎಂದೂ ಎದುರು ಹೇಳದ ಅವ್ವ ಈ ಸಲ ಮೂರು ತಿಂಗಳಿಗಿಂತ ಮೊದಲು ಆಗುವುದಿಲ್ಲ, ಬಂದ ಮೇಲೂ ಕೂಡಲೇ ಮೂಟೆ ಹೊರಿಸಬೇಡಿ ಎಂದು ಹೇಳಿಬಿಟ್ಟಿದ್ದಾಳೆ. ಅವರು ಇನ್ನೂ ಒಪ್ಪಿಲ್ಲ. ಮುಂದಿನ ವಾರ ಮಾತುಕತೆಗೆ ಬರುತ್ತಾರಂತೆ, ನಾನೂ ಸಿಂಧನೂರಿಗೆ ಹೋಗಬೇಕು.